ಊಟಕ್ಕೆ ತಡವಾಗಿ ಬಂದ ಮಾತ್ರೆ

ಅವತ್ತು ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕನ್ನಡಕ ಹಾಕಿಕೊಂಡೇ ಇದ್ದೆ, ಬೆಳಕೂ ಚೆನ್ನಾಗಿತ್ತು. ಹೆಬ್ಬೆರಳು, ತೋರುಬೆರಳು ಎರಡೂ ಜುಮುಜುಮು ಅನ್ನುತ್ತಿದ್ದವು. ದಾರ ಹಿಡಿದಿದ್ದೇನೋ ಬಿಟ್ಟಿದ್ದೇನೋ ಬೆರಳಿಗೇ ಗೊತ್ತಾಗುತ್ತಿರಲಿಲ್ಲ. ಮೂವತ್ತೊಂದು ವರ್ಷದಿಂದ ಬಟ್ಟೆ ಹೊಲಿಯುತ್ತಿರುವವಳು ನಾನು. ಕರೆಂಟ್ ಹೋದಾಗ ಕತ್ತಲಲ್ಲೇ ದಾರ ಪೋಣಿಸಿದ್ದೇನೆ. ಸ್ವಲ್ಪ ಹೊತ್ತಿಗೆ ತುಟಿಯ ಸುತ್ತ ಇರುವೆ ಹರಿದ ಹಾಗಾಯಿತು. ಆಮೇಲೆ ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡಿತು.

ಸಂಜೆ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ 7.3. ಇರಬೇಕಾದದ್ದು ಸುಮಾರು 8.5ರಿಂದ 10.2. ಅಷ್ಟು ಕೆಳಗೆ ಇಳಿಸಿದ್ದು ಪಿಟಿಎಚ್ ಅನ್ನುವ ಹಾರ್ಮೋನನ್ನು ಕಡಿಮೆ ಮಾಡಲು ಕೊಟ್ಟಿದ್ದ ಮಾತ್ರೆ. ಹಾಗಂತ ಮಾತ್ರೆಯನ್ನು ಬೈಯುವ ಹಾಗೂ ಇರಲಿಲ್ಲ. ಅದರ ಹಿಂದೆ ನಾನು ಮಾಡಿದ ಎರಡು ದಡ್ಡತನಗಳಿದ್ದವು. ಅವನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ನನ್ನ ಕಿಡ್ನಿಗಳು ಕೈಕೊಟ್ಟು ಇದು ಏಳನೇ ವರ್ಷ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅಲ್ಲಿ ಕೂತವರ ಮಾತೆಲ್ಲ ಹಿಮೋಗ್ಲೋಬಿನ್, ಪೊಟ್ಯಾಸಿಯಂ, ಎರಡು ಡಯಾಲಿಸಿಸ್ ನಡುವೆ ಏರಿದ ತೂಕ, ಇಷ್ಟೇ. ಪಿಟಿಎಚ್ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅದು ಕೆಲವು ತಿಂಗಳಿಗೊಮ್ಮೆ ರಿಪೋರ್ಟಿನ ಕೊನೆಯ ಸಾಲಿನಲ್ಲಿ ಬಂದು ಹೋಗುತ್ತದೆ. ಕಿಡ್ನಿ ಚೆನ್ನಾಗಿರುವವರಲ್ಲಿ ಮಿಲಿಲೀಟರಿಗೆ ಸುಮಾರು 15ರಿಂದ 65 ಪಿಕೋಗ್ರಾಂ ಇರುತ್ತದೆ. ನನಗೆ ಎರಡನೇ ವರ್ಷ 410 ಇತ್ತು. ನಾಲ್ಕನೇ ವರ್ಷಕ್ಕೆ 1240.

ಆಗ ನನಗೆ ಗೊತ್ತಿದ್ದದ್ದು ತುರಿಕೆ ಒಂದೇ. ರಾತ್ರಿ ಬಟ್ಟೆ ಅಳೆಯುವ ಮರದ ಸ್ಕೇಲಿನಲ್ಲಿ ಬೆನ್ನು ಕೆರೆದುಕೊಳ್ಳುತ್ತಿದ್ದೆ. ಇವರು ನಿದ್ದೆಗಣ್ಣಲ್ಲಿ, "ಯಾರನ್ನ ಅಳೀತಿದ್ದೀಯೇ ಈ ಹೊತ್ತಲ್ಲಿ?" ಅನ್ನುತ್ತಿದ್ದರು. ಮೆಷಿನ್ ತುಳಿದು ಏಳುವಾಗ ಸೊಂಟದ ಮೂಳೆ ನೋಯುತ್ತಿತ್ತು. ವಯಸ್ಸಾಯಿತು ಅಂದುಕೊಂಡೆ.

ಪಿಟಿಎಚ್ ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನ್. ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿರುತ್ತವೆ. ಹೆಸರಲ್ಲಿ ಥೈರಾಯ್ಡ್ ಇದ್ದರೂ ಕೆಲಸದಲ್ಲಿ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಥೈರಾಯ್ಡ್ ಮಾತ್ರೆ ತಿಂದರೆ ಇದು ಇಳಿಯುವುದಿಲ್ಲ. ನಮ್ಮಕ್ಕನಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮನುಷ್ಯರಲ್ಲಿ ಇವುಗಳನ್ನು ಸರಿಯಾಗಿ ಗುರುತಿಸಿ 1880ರಲ್ಲಿ ಬರೆದವರು ಸ್ವೀಡನ್ನಿನ ಉಪ್ಸಲಾದ ಐವಾರ್ ಸ್ಯಾಂಡ್‌ಸ್ಟ್ರಾಮ್. ಅದಕ್ಕೂ ಮೊದಲು ಲಂಡನ್ ಮೃಗಾಲಯದಲ್ಲಿ ಸತ್ತ ಒಂದು ಭಾರತೀಯ ಘೇಂಡಾಮೃಗವನ್ನು ಕೊಯ್ದು ನೋಡುವಾಗ ರಿಚರ್ಡ್ ಓವೆನ್ ಕಣ್ಣಿಗೆ ಇದು ಬಿದ್ದಿತ್ತಂತೆ. ಅಷ್ಟು ದೊಡ್ಡ ಪ್ರಾಣಿಯಲ್ಲಿ ಮೊದಲು ಕಂಡ ಈ ಪುಟ್ಟ ಗ್ರಂಥಿ ನನ್ನ ಕುತ್ತಿಗೆಯಲ್ಲೂ ಇದೆ ಅಂತ ಡಯಾಲಿಸಿಸ್ ಕುರ್ಚಿಯಲ್ಲಿ ಓದಿ ಒಬ್ಬಳೇ ನಕ್ಕಿದ್ದೆ.

ಈ ಗ್ರಂಥಿಗಳ ಕೆಲಸ ರಕ್ತದ ಕ್ಯಾಲ್ಸಿಯಂ ಇಳಿಯದ ಹಾಗೆ ನೋಡಿಕೊಳ್ಳುವುದು. ಕಿಡ್ನಿ ಸರಿಯಿದ್ದಾಗ ಹೆಚ್ಚಾದ ಫಾಸ್ಫರಸ್ ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದೂ ಕಿಡ್ನಿಯೇ. ಆ ವಿಟಮಿನ್ ಇದ್ದರೆ ಕರುಳು ಊಟದಿಂದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಕಿಡ್ನಿ ಕೆಟ್ಟರೆ ಎರಡೂ ಕೆಟ್ಟವು. ಫಾಸ್ಫರಸ್ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಆಗ ಗ್ರಂಥಿಗಳು ಪಿಟಿಎಚ್ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಮಕ್ಕಳ ಬಟ್ಟೆ ಗಿಡ್ಡವಾದಾಗ ಒಳಗೆ ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಉದ್ದ ಮಾಡಿಕೊಡುತ್ತೇವಲ್ಲ, ಹಾಗೆ. ಒಂದು ಸಲ ಬಿಚ್ಚಬಹುದು, ಎರಡು ಸಲ ಬಿಚ್ಚಬಹುದು. ವರ್ಷಗಟ್ಟಲೆ ಬಿಚ್ಚುತ್ತಲೇ ಇದ್ದರೆ ಒಳಗೆ ಏನು ಉಳಿಯುತ್ತದೆ? ಮೂಳೆ ಸೊರಗುತ್ತದೆ. ಕ್ಯಾಲ್ಸಿಯಂ, ಫಾಸ್ಫರಸ್ ಎರಡೂ ಸೇರಿ ರಕ್ತನಾಳಗಳ ಗೋಡೆಯಲ್ಲಿ ಗಟ್ಟಿಯಾಗಿ ಕೂರುತ್ತವೆ. ಬಿಡುವಿಲ್ಲದೆ ದುಡಿದ ಗ್ರಂಥಿಗಳೂ ಊದಿಕೊಳ್ಳುತ್ತವೆ. ಬಹಳ ಬೆಳೆದ ಗ್ರಂಥಿ ಆಮೇಲೆ ಮಾತ್ರೆಯ ಮಾತನ್ನೂ ಅಷ್ಟಾಗಿ ಕೇಳುವುದಿಲ್ಲ.

ಈಗ ನನ್ನ ಮೊದಲನೇ ದಡ್ಡತನ.

ಆಗ ನನ್ನ ಫಾಸ್ಫರಸ್ 7.8. ನಮ್ಮಂಥವರಲ್ಲಿ 5.5ಕ್ಕಿಂತ ಕೆಳಗಿರಲಿ ಅನ್ನುತ್ತಾರೆ. ಅದಕ್ಕೆಂದೇ ಸೆವೆಲಮರ್ ಅನ್ನುವ ಮಾತ್ರೆ ಕೊಟ್ಟಿದ್ದರು. 800 ಮಿಲಿಗ್ರಾಂನದು, ಹೊತ್ತಿಗೆ ಎರಡು, ದಿನಕ್ಕೆ ಆರು. ಕೋಟಿನ ಗುಂಡಿಯಷ್ಟು ದಪ್ಪ. ಅಗಿಯುವ ಹಾಗಿಲ್ಲ, ಹಾಗೇ ನುಂಗಬೇಕು. ಅಂಗಡಿಯವರು ಪೊಟ್ಟಣದ ಮೇಲೆ 1-1-1ರ ಹಾಗೆ 2-2-2 ಅಂತ ಗೀಚಿ, "ಊಟ ಆದ್ಮೇಲೆ" ಅಂದಿದ್ದರು. ಆದ್ಮೇಲೆ ಅಂದರೆ ಎಷ್ಟು ಹೊತ್ತಿಗೆ? ನಾನು ಕೇಳಲಿಲ್ಲ.

ಡಯಾಲಿಸಿಸ್‌ನಲ್ಲಿ ಇರುವವರಿಗೆ ನೀರಿನ ಲೆಕ್ಕ ಗೊತ್ತಲ್ಲ. ಮೂತ್ರ ನಿಂತಿದೆ, ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಮಾತ್ರೆಗೆ ಅಂತ ಸಲಸಲಕ್ಕೂ ನೀರು ಕುಡಿದರೆ ತೂಕ ಏರುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಬಿಪಿಯದು, ಹೊಟ್ಟೆ ಉರಿಯದು, ಸೆವೆಲಮರ್, ಎಲ್ಲವನ್ನೂ ಒಟ್ಟಿಗೆ ಅರ್ಧ ಲೋಟ ನೀರಲ್ಲಿ ನುಂಗುವುದು. ಬೆಳಿಗ್ಗೆ ಎದ್ದ ತಕ್ಷಣ ಒಂದು ಸಲ. ಮಧ್ಯಾಹ್ನ ಊಟ ಒಂದೂವರೆಗೆ, ಮಾತ್ರೆ ಕೈಲಿರುವ ಹೊಲಿಗೆ ಮುಗಿಸಿ ಮೂರಕ್ಕೆ. ರಾತ್ರಿ ಮಲಗುವಾಗ ಇನ್ನೊಂದು ಸಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಫಾಸ್ಫರಸ್ ಮಾತ್ರ ಇಳಿಯಲಿಲ್ಲ. ಆಗ ನೋಡುತ್ತಿದ್ದ ಡಾಕ್ಟರು ರಿಪೋರ್ಟ್ ನೋಡಿ, "ಹಾಲು, ಮಾಂಸ ಕಡಿಮೆ ಮಾಡಿ," ಅಂದರು. ಮಾಡಿದೆ. ಮುಂದಿನ ಸಲ, "ಇನ್ನೂ ಕಡಿಮೆ ಮಾಡಿ." ರಕ್ತದಲ್ಲಿನ ಅಲ್ಬುಮಿನ್ ಅನ್ನುವ ಪ್ರೋಟೀನ್ ಇಳಿಯಿತು, ಮುಖ ಸೊರಗಿತು, ಫಾಸ್ಫರಸ್ ಕದಲಲಿಲ್ಲ. ನಾನು ಕದ್ದು ತಿನ್ನುತ್ತಿದ್ದೇನೆ ಅನ್ನುವ ಹಾಗೆ ನೋಡಿದರು. ಆ ನೋಟ ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಕೊನೆಗೆ ಕೇಳಿದ್ದು ಡಯಾಲಿಸಿಸ್ ವಾರ್ಡಿಗೆ ಹೊಸದಾಗಿ ಬಂದ ಸಿಸ್ಟರ್. ಚಿಕ್ಕ ವಯಸ್ಸಿನ ಹುಡುಗಿ. ಸೂಜಿ ಚುಚ್ಚಿ ಪ್ಲಾಸ್ಟರ್ ಹಾಕುತ್ತಾ ಕೇಳಿದಳು: "ಅಮ್ಮಾ, ನೀವು ಊಟಕ್ಕೆ ಕೂತಾಗ ಮಾತ್ರೆ ಡಬ್ಬಿ ಎಲ್ಲಿರುತ್ತೆ?"

"ಬೀರು ಒಳಗೆ," ಅಂದೆ.

"ಅಯ್ಯೋ, ಅದು ತಟ್ಟೆ ಪಕ್ಕ ಇರ್ಬೇಕಲ್ವಾ!"

ಸೆವೆಲಮರ್ ರಕ್ತಕ್ಕೆ ಸೇರುವ ಮಾತ್ರೆಯೇ ಅಲ್ಲ. ಅದು ಹೊಟ್ಟೆ, ಕರುಳಿನೊಳಗೇ ಇದ್ದು, ಊಟದಲ್ಲಿ ಬಂದ ಫಾಸ್ಫರಸ್ಸನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ಇಂಥ ಮಾತ್ರೆಗಳಿಗೆ ಬೈಂಡರ್ ಅನ್ನುವುದು. ಊಟವೂ ಮಾತ್ರೆಯೂ ಹೊಟ್ಟೆಯಲ್ಲಿ ಭೇಟಿಯಾಗಬೇಕು. ನನ್ನ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಂದು ಕಾದು ಹೋಗುತ್ತಿತ್ತು. ಮಧ್ಯಾಹ್ನ ಪಂಕ್ತಿ ಎದ್ದ ಮೇಲೆ ಬರುತ್ತಿತ್ತು. ಎರಡು ವರ್ಷ ಹೀಗೇ ನುಂಗಿದ್ದೇನೆ. ದಿನಕ್ಕೆ ಆರರಂತೆ ಎಷ್ಟಾಯಿತು ನೀವೇ ಗುಣಿಸಿ, ನನಗೆ ಹೊಟ್ಟೆ ಉರಿಯುತ್ತದೆ.

ಡಯಾಲಿಸಿಸ್ ಇದೆಯಲ್ಲ, ಅದೇ ಎಲ್ಲವನ್ನೂ ತೆಗೆಯುತ್ತದೆ ಅನ್ನುವ ಭ್ರಮೆಯೂ ನನಗಿತ್ತು. ದಿನದ ಊಟದಲ್ಲಿ ಹೆಚ್ಚುಕಡಿಮೆ 1000 ಮಿಲಿಗ್ರಾಂ ಫಾಸ್ಫರಸ್ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಕ್ತಕ್ಕೆ ಸೇರುತ್ತದೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು 600ರಿಂದ 1000. ತಿನ್ನುವುದು ವಾರಕ್ಕೆ ಏಳು ದಿನ, ತೆಗೆಯುವುದು ಮೂರು ದಿನ. ಆ ವ್ಯತ್ಯಾಸವನ್ನು ತುಂಬಬೇಕಾದದ್ದು ಬೈಂಡರ್. ಡಬ್ಬಿ, ಪ್ಯಾಕೆಟ್ಟಿನ ಆಹಾರದಲ್ಲಿ ಕೆಡದಿರಲಿ ಅಂತ ಸೇರಿಸುವ ಫಾಸ್ಫೇಟ್ ಇನ್ನೂ ಮೋಸ. ಕಪ್ಪು ಬಣ್ಣದ ಕೋಲಾಗಳಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ. ಕಾಳುಗಳಲ್ಲಿರುವ ಫಾಸ್ಫರಸ್ ಅರ್ಧವೂ ಮೈಗೆ ಹತ್ತುವುದಿಲ್ಲ. ಹೀಗೆ ಸೇರಿಸಿದ್ದು ಹೆಚ್ಚುಕಡಿಮೆ ಪೂರ್ತಿ ಹತ್ತುತ್ತದೆ.

ಬೈಂಡರುಗಳಲ್ಲಿ ಬೇರೆಯವೂ ಇವೆ. ಕ್ಯಾಲ್ಸಿಯಂ ಅಸಿಟೇಟ್, ಕ್ಯಾಲ್ಸಿಯಂ ಕಾರ್ಬೊನೇಟ್ ಹಳಬರು. ಕೆಲಸ ಮಾಡುತ್ತವೆ, ಆದರೆ ಅವುಗಳ ಕ್ಯಾಲ್ಸಿಯಂ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ರಕ್ತನಾಳ ಗಟ್ಟಿಯಾಗುವ ಭಯದಿಂದ ಈಗ ಹಿಡಿತದಲ್ಲಿ ಕೊಡುತ್ತಾರೆ. ಲ್ಯಾಂಥನಂ ಕಾರ್ಬೊನೇಟನ್ನು ಅಗಿದು ತಿನ್ನಬೇಕು. ಕಬ್ಬಿಣದ ಅಂಶ ಇರುವವೂ ಬಂದಿವೆ. ಹಿಂದೆ ಅಲ್ಯೂಮಿನಿಯಂ ಕೊಡುತ್ತಿದ್ದರಂತೆ. ಅದು ಮಿದುಳಿಗೂ ಮೂಳೆಗೂ ಸೇರಿ ಅನಾಹುತ ಮಾಡುತ್ತದೆ ಅಂತ ಗೊತ್ತಾಗಿ ಹೆಚ್ಚುಕಡಿಮೆ ಕೈಬಿಟ್ಟರು.

ಅವತ್ತಿನಿಂದ ಊಟದ ನಡುವೆ ಎರಡು ಮಾತ್ರೆ. ನೀರು ಹೆಚ್ಚೇನೂ ಬೇಕಾಗಲಿಲ್ಲ, ಉಳಿದ ಮಾತ್ರೆಗಳನ್ನು ಆ ಗುಟುಕಿಗೆ ಹೊಂದಿಸಿಕೊಂಡೆ. ಥೈರಾಯ್ಡ್ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಬೈಂಡರ್ ಜೊತೆ ತೆಗೆದುಕೊಂಡರೆ ಅವನ್ನೂ ಹಿಡಿದುಬಿಡುತ್ತದೆ. ಅದನ್ನು ಮಾತ್ರ ಕೇಳಿಕೊಂಡೇ ಹೊಂದಿಸಿಕೊಳ್ಳಬೇಕು. ಎರಡು ತಿಂಗಳಿಗೆ ಫಾಸ್ಫರಸ್ 5.6ಕ್ಕೆ ಬಂತು. ಮಾತ್ರೆ ಅದೇ, ಲೆಕ್ಕ ಅದೇ. ಜೊತೆಗೆ ಕ್ಯಾಲ್ಸಿಟ್ರಿಯೋಲ್ ಶುರು ಮಾಡಿದರು, 0.25 ಮೈಕ್ರೋಗ್ರಾಂನದು. ಕಿಡ್ನಿ ತಯಾರಿಸಬೇಕಿದ್ದ ವಿಟಮಿನ್ ಡಿಯನ್ನು ಸಿದ್ಧರೂಪದಲ್ಲೇ ಕೊಡುವುದು. ಅದು ಗ್ರಂಥಿಗೆ ಸುಮ್ಮನಿರು ಅನ್ನುತ್ತದೆ. ಆದರೆ ಅದೇ ಹೊತ್ತಿಗೆ ಕರುಳಿಗೆ ಕ್ಯಾಲ್ಸಿಯಂ ತಗೋ, ಫಾಸ್ಫರಸ್ಸೂ ತಗೋ ಅನ್ನುತ್ತದೆ. ಅದಕ್ಕೇ ಫಾಸ್ಫರಸ್ ಹತೋಟಿಗೆ ಬರುವ ತನಕ ಅದನ್ನು ಜಾಸ್ತಿ ಕೊಡಲು ಡಾಕ್ಟರುಗಳು ಹಿಂಜರಿಯುತ್ತಾರೆ. ಪ್ಯಾರಿಕ್ಯಾಲ್ಸಿಟಾಲ್ ಅನ್ನುವುದೂ ಇದೇ ಜಾತಿಯದು. ಡಯಾಲಿಸಿಸ್‌ಗೆ ಇನ್ನೂ ಬಾರದವರಿಗೆ ಇವನ್ನು ಎಲ್ಲರಿಗೂ ಸುಮ್ನೆ ಕೊಡಬಾರದು ಅಂತ ಕಿಡ್ನಿ ಕಾಯಿಲೆಯ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಕೆಡಿಗೋ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 2017ರ ಮಾರ್ಗಸೂಚಿ ಹೇಳುತ್ತದೆ.

ಪಿಟಿಎಚ್ 870ಕ್ಕೆ ಇಳಿದು ಅಲ್ಲೇ ನಿಂತಿತು. ಆಗ ಬಂತು ಸಿನಾಕ್ಯಾಲ್ಸೆಟ್.

ಇದರ ಉಪಾಯ ನನಗೆ ಬಹಳ ಇಷ್ಟ. ಪ್ಯಾರಾಥೈರಾಯ್ಡ್ ಜೀವಕೋಶಗಳ ಮೇಲೆ ಕ್ಯಾಲ್ಸಿಯಂ ಎಷ್ಟಿದೆ ಅಂತ ನೋಡುವ ಒಂದು ಗ್ರಾಹಕ ಇರುತ್ತದೆ. ವಿಜ್ಞಾನಿಗಳು ಅದರ ಗುರುತು ಹಿಡಿದದ್ದು 1993ರಲ್ಲಿ. ಸಿನಾಕ್ಯಾಲ್ಸೆಟ್ ಹೋಗಿ ಆ ಗ್ರಾಹಕವನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಇರುವ ಕ್ಯಾಲ್ಸಿಯಮ್ಮೇ ಗ್ರಂಥಿಗೆ ಜಾಸ್ತಿ ಅನ್ನಿಸುತ್ತದೆ. ಸಾಕು ಬಿಡು ಅಂತ ಅದು ಪಿಟಿಎಚ್ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ, ಡಯಾಲಿಸಿಸ್‌ನಲ್ಲಿ ಇರುವವರಿಗೆ. ಮೂಳೆಯಿಂದ ಕ್ಯಾಲ್ಸಿಯಂ ಬರುವುದು ಕಡಿಮೆಯಾದರೆ ರಕ್ತದಲ್ಲೂ ಇಳಿಯುತ್ತದೆ. ಅದಕ್ಕೇ ಕ್ಯಾಲ್ಸಿಯಂ ಮೊದಲೇ 8.4ಕ್ಕಿಂತ ಕೆಳಗಿದ್ದರೆ ಶುರು ಮಾಡುವುದಿಲ್ಲ. ಶುರುವಾದ ಒಂದು ವಾರದೊಳಗೆ ಕ್ಯಾಲ್ಸಿಯಂ ಮತ್ತೆ ನೋಡಬೇಕು.

30 ಮಿಲಿಗ್ರಾಂ, ದಿನಕ್ಕೊಂದು. ನನಗೆ ಮೂರನೇ ದಿನದಿಂದ ಹೊಟ್ಟೆ ತೊಳಸಲು ಶುರುವಾಯಿತು. ಬೆಳಿಗ್ಗೆ ಮಾತ್ರೆ, ಹನ್ನೊಂದಕ್ಕೆ ವಾಂತಿ. ಹೊಲಿಯಲು ತಂದ ಬಟ್ಟೆಯ ವಾಸನೆಗೇ ಸಂಕಟ. ಇಲ್ಲಿ ನನ್ನ ಎರಡನೇ ದಡ್ಡತನ. ಮಾತ್ರೆಯನ್ನು ದಿನ ಬಿಟ್ಟು ದಿನ, ಕೆಲವೊಮ್ಮೆ ಎರಡು ದಿನ ಬಿಟ್ಟು ತೆಗೆದುಕೊಂಡೆ. ಯಾರಿಗೂ ಹೇಳಲಿಲ್ಲ. ಹಿಂದೆ ಕಳ್ಳಿಯನ್ನು ನೋಡುವ ಹಾಗೆ ನೋಡಿದ್ದರಲ್ಲ, ಮತ್ತೆ ಆ ನೋಟ ಬೇಡ ಅನ್ನಿಸಿತು. ಹೊಸ ಡಾಕ್ಟರು ಕೇಳಿದಾಗ, "ದಿನಾ ತಗೋತಿದ್ದೀನಿ ಸಾರ್," ಅಂದೆ. ಪಿಟಿಎಚ್ ಇಳಿದಿರಲಿಲ್ಲ. ಅವರು ಪಾಪ, ನನ್ನ ಮಾತು ನಂಬಿ 60 ಮಾಡಿದರು.

ನನಗೆ ಭಯವಾಯಿತು. ಡೋಸ್ ಏರಿಸಿದ್ದಾರೆ, ಕಾಯಿಲೆ ಜೋರಾಗಿದೆ ಅಂದುಕೊಂಡು 60ನ್ನು ನಿಯತ್ತಾಗಿ ದಿನವೂ ನುಂಗಿದೆ. 30ಕ್ಕೇ ಸರಿಯಾಗಿ ಒಗ್ಗದ ಮೈಗೆ ಒಮ್ಮೆಲೇ 60. ಹದಿನೈದು ದಿನಕ್ಕೆ ಸೂಜಿ ಕೈಗೆ ಸಿಗದಾಯಿತು.

ಕ್ಯಾಲ್ಸಿಯಂ ಅಷ್ಟು ಇಳಿದರೆ ಸ್ನಾಯು ಹಿಡಿಯುವುದು ಸಣ್ಣ ಮಾತು. ಹೃದಯದ ಬಡಿತವೂ ತಪ್ಪಬಹುದು. ಇಸಿಜಿ ತೆಗೆದರು. 7.5ಕ್ಕಿಂತ ಕೆಳಗೆ ಹೋದ್ದರಿಂದ ಸಿನಾಕ್ಯಾಲ್ಸೆಟ್ ಪೂರ್ತಿ ನಿಲ್ಲಿಸಿದರು. ಕ್ಯಾಲ್ಸಿಯಂ ಕೊಟ್ಟರು, ಕ್ಯಾಲ್ಸಿಟ್ರಿಯೋಲ್ ಸ್ವಲ್ಪ ಏರಿಸಿದರು. ಅವತ್ತು ರಾತ್ರಿ ಡಾಕ್ಟರ ಹತ್ತಿರ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ವಾಂತಿ ಆಗ್ತಿದೆ ಅಂತ ಹೇಳಿದ್ರೆ ಹೊತ್ತು ಬದಲಾಯಿಸ್ತಿದ್ದೆ ಅಲ್ವೇನಮ್ಮ," ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಕ್ಯಾಲ್ಸಿಯಂ 8 ದಾಟಿದ ಮೇಲೆ ಮತ್ತೆ 30ರಿಂದ ಶುರು. ಈ ಸಲ ರಾತ್ರಿ, ದಿನದ ದೊಡ್ಡ ಊಟದ ಜೊತೆ. ಸಂಕಟ ಬಂದರೂ ನಿದ್ದೆಯಲ್ಲೇ ಕಳೆಯುತ್ತದೆ. ಅರ್ಧ ಮಾಡುವ ಹಾಗಿಲ್ಲ, ಇಡಿಯಾಗಿ ನುಂಗಬೇಕು. ಕೆಲವು ಬಿಪಿ, ಹೃದಯದ ಮಾತ್ರೆಗಳ ಬಲವನ್ನು ಇದು ಏರಿಸುತ್ತದೆ. ಮೆಟೊಪ್ರೊಲಾಲ್ ತೆಗೆದುಕೊಳ್ಳುವವರು ಚೀಟಿ ಬರೆಯುವವರ ಮುಂದೆ ಆ ಹೆಸರು ಹೇಳಲೇಬೇಕು. ಮಾತ್ರೆ ಒಗ್ಗದೇ ಹೋದವರಿಗೆ ಎಟೆಲ್‌ಕ್ಯಾಲ್ಸಟೈಡ್ ಅನ್ನುವ ಇಂಜೆಕ್ಷನ್ ಇದೆ. ಡಯಾಲಿಸಿಸ್ ಮುಗಿಯುವಾಗ ವಾರಕ್ಕೆ ಮೂರು ಸಲ ಅದೇ ಟ್ಯೂಬಿನಲ್ಲಿ ಕೊಡುತ್ತಾರೆ. ನುಂಗಿದೆನೋ ಇಲ್ಲವೋ ಅನ್ನುವ ಜಗಳವೇ ಇಲ್ಲ. ಕ್ಯಾಲ್ಸಿಯಂ ಇಳಿಯುವ ಭಯ ಅದಕ್ಕೂ ಇದೆ. ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ.

ಪರೀಕ್ಷೆಗೂ ಗಳಿಗೆ ಇದೆ ಅಂತ ಗೊತ್ತಾಗಿದ್ದು ಆಮೇಲೆ. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷ ಬಾಳುವ ವಸ್ತು. ಸಿನಾಕ್ಯಾಲ್ಸೆಟ್ ನುಂಗಿದ ಮೊದಲ ಕೆಲವು ಗಂಟೆ ಅದು ತುಂಬಾ ಕೆಳಗಿರುತ್ತದೆ, ಆಮೇಲೆ ಏರುತ್ತದೆ. ಅದಕ್ಕೆ ಮಾತ್ರೆ ನುಂಗಿ ಕನಿಷ್ಠ 12 ಗಂಟೆ ಆದಮೇಲೆ ರಕ್ತ ಕೊಡಬೇಕು. ನಮ್ಮಕ್ಕ ಕೂದಲಿಗೆ ಒಳ್ಳೆಯದು ಅಂತ ಬಯೋಟಿನ್ ಮಾತ್ರೆ ತಂದುಕೊಟ್ಟಿದ್ದಳು. ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಪಿಟಿಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಆ ಡಬ್ಬಿಯನ್ನು ಅಕ್ಕನಿಗೇ ವಾಪಸ್ ಕೊಟ್ಟೆ. ಕೂದಲು ಅವಳದ್ದೇ ಉದುರುತ್ತಿರುವುದು.

ಈಗ ನನ್ನ ಪಿಟಿಎಚ್ 480. "65ಕ್ಕೆ ಯಾವಾಗ ಬರುತ್ತೆ?" ಅಂತ ಇವರು ಪ್ರತಿ ಸಲ ಕೇಳುತ್ತಾರೆ. ಬರಬಾರದು. ಡಯಾಲಿಸಿಸ್‌ನಲ್ಲಿ ಇರುವವರಿಗೆ ಸಾಮಾನ್ಯ ಮೇಲ್ಮಿತಿಯ 2ರಿಂದ 9 ಪಟ್ಟಿನೊಳಗೆ ಇರಲಿ ಅಂತ ಅದೇ ಕೆಡಿಗೋ ಮಾರ್ಗಸೂಚಿ ಹೇಳುತ್ತದೆ. 65ರ ಲೆಕ್ಕದಲ್ಲಿ 130ರಿಂದ 585. ತೀರಾ ಇಳಿಸಿದರೆ ಮೂಳೆ ಹಳೆಯದನ್ನು ಒಡೆದು ಹೊಸದನ್ನು ಕಟ್ಟುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಒಂದು ಸಲದ ಅಂಕಿಗಿಂತ ಸಾಲಾಗಿ ಮೂರು ನಾಲ್ಕು ಸಲದ್ದು ಯಾವ ಕಡೆ ಹೋಗುತ್ತಿದೆ ಅನ್ನುವುದೇ ಮುಖ್ಯ. ಇನ್ನೊಂದು ಮಾತೂ ಇದೆ. 3883 ಡಯಾಲಿಸಿಸ್ ರೋಗಿಗಳ ಮೇಲೆ ಸಿನಾಕ್ಯಾಲ್ಸೆಟ್ ಪ್ರಯೋಗ ನಡೆದು 2012ರಲ್ಲಿ ಫಲಿತಾಂಶ ಬಂತು. ಸಾವು, ಹೃದಯದ ತೊಂದರೆ ಖಚಿತವಾಗಿ ಕಡಿಮೆಯಾಯಿತು ಅಂತ ಮುಖ್ಯ ಲೆಕ್ಕದಲ್ಲಿ ತೋರಿಸಲು ಅದಕ್ಕೆ ಆಗಲಿಲ್ಲ. ಅಂಕಿ ಇಳಿಯಿತು ಅಂತ ನಾನು ಲಾಡು ಹಂಚದೇ ಇರುವುದು ಅದಕ್ಕೇ. ಆದರೂ ತುರಿಕೆ ಕಡಿಮೆಯಾಗಿದೆ. ಸ್ಕೇಲು ಮತ್ತೆ ಬಟ್ಟೆ ಮಾತ್ರ ಅಳೆಯುತ್ತಿದೆ.

ಯಾವ ಮಾತ್ರೆಗೂ ಬಗ್ಗದಿದ್ದರೆ ಆಪರೇಷನ್. ನನ್ನ ಪಕ್ಕದ ಕುರ್ಚಿಯ ಅಣ್ಣನಿಗೆ ಮೂರೂವರೆ ಗ್ರಂಥಿ ತೆಗೆದರು. ಆಮೇಲೆ ಅವರ ಮೂಳೆಗಳು ಬರಗೆಟ್ಟ ಹಾಗೆ ಕ್ಯಾಲ್ಸಿಯಂ ಎಳೆದುಕೊಂಡವು. ದಿನಗಟ್ಟಲೆ ಡ್ರಿಪ್ಪಿನಲ್ಲಿ ಕ್ಯಾಲ್ಸಿಯಂ ಹಾಕಬೇಕಾಯಿತು. ಈಗ ಚೆನ್ನಾಗಿದ್ದಾರೆ, ಕುತ್ತಿಗೆಯ ಗೆರೆ ಮುಚ್ಚಲು ಕಾಲರ್ ಎತ್ತರ ಮಾಡಿಕೊಡಿ ಅಂತ ನನ್ನ ಹತ್ತಿರವೇ ಅಂಗಿ ಹೊಲಿಸಿಕೊಂಡರು.

ನಾನು ಡಾಕ್ಟರ್ ಅಲ್ಲ, ಟೈಲರ್. ಇನ್ನೊಬ್ಬರ ಅಳತೆಗೆ ಹೊಲಿದದ್ದನ್ನು ಯಾರೂ ತೊಡುವುದಿಲ್ಲ ಅಲ್ವಾ, ನನ್ನ ಡೋಸ್ ನೋಡಿ ನಿಮ್ಮದನ್ನು ಬದಲಿಸಿಕೊಳ್ಳಬೇಡಿ. ಕಾಮೆಂಟಿನಲ್ಲಿ ನಿಮ್ಮ ಪಿಟಿಎಚ್ ಅಂಕಿ ಬರೆಯುವವರು ಮಾತ್ರೆ ಯಾವ ಹೊತ್ತಿಗೆ ನುಂಗುತ್ತೀರಿ ಅನ್ನುವುದನ್ನೂ ಬರೆಯಿರಿ. ನಾನು ಮೊದಲು ಕೇಳುವುದೇ ಅದನ್ನು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು. ಹನ್ನೆರಡು ಗಂಟೆ ಅಂದರೆ ರಾತ್ರಿ ಒಂಬತ್ತರೊಳಗೆ ಮಾತ್ರೆ ಆಗಬೇಕು. ಈಗ ಎಂಟೂಕಾಲು. ಇವರು ತಟ್ಟೆ ಹಾಕಿದ್ದಾರೆ, ಪಕ್ಕದಲ್ಲಿ ಡಬ್ಬಿಯನ್ನೂ ಇಟ್ಟಿದ್ದಾರೆ. ಏಳುತ್ತೇನೆ.